ಸರಳತೆ ಮತ್ತು ಸ್ಪಷ್ಟತೆ: ಗಣಕಭಾಷೆಯ ಪ್ರಥಮ ಪಾಠವನ್ನು ಕುರಿತ ವಿಚಾರ

ಮಂಗಳೂರಿನ ಬಿಜೈಯಲ್ಲಿ ರಾಜ್ಯ ರಸ್ತೆ ಸಾರಿಗೆಯ ಬಸ್ಸು ನಿಲ್ದಾಣವಿದೆ. ಅಲ್ಲಿಂದ ಅನತಿದೂರದಲ್ಲಿಯೇ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಿದೆ. ಘಟ್ಟದ ಮೇಲಿನಿಂದ ಬಂದಿಳಿದ ಪ್ರವಾಸಿಯೊಬ್ಬನು ಆ ವಸ್ತುಸಂಗ್ರಹಾಲಯಕ್ಕೆ ದಾರಿ ಯಾವುದೆಂದು ಕೇಳಿದನೆಂದು ಭಾವಿಸಬಹುದು. "ಇಲ್ಲೇ ಮುಂದೆ ಹೋಗಿ, ಸಿಕ್ಕುತ್ತದೆ" ಎಂಬುದಕ್ಕಿಂತ ಸರಳವಾದ ಉತ್ತರ ಬೇರೊಂದಿಲ್ಲ. ಅದರಲ್ಲಿ ಕಠಿಣ ಪದವಿಲ್ಲ, ದೀರ್ಘ ವಾಕ್ಯವಿಲ್ಲ, ನೆನಪಿಡಬೇಕಾದ ತಿರುವುಗಳಿಲ್ಲ. ಆದರೂ ಪ್ರವಾಸಿಯು ನಿಂತಲ್ಲಿಯೇ ನಿಲ್ಲುತ್ತಾನೆ. "ಮುಂದೆ" ಎಂದರೆ ಅವನ ಮುಖ ಯಾವ ಕಡೆಗಿದೆಯೋ ಆ ಕಡೆಗೋ, ಹೇಳಿದವನ ಮುಖವಿರುವ ಕಡೆಗೋ, ಅಥವಾ ನಿಲ್ದಾಣದ ಹೆಬ್ಬಾಗಿಲಿನ ಕಡೆಗೋ ಎಂಬುದು ಅವನಿಗೆ ತಿಳಿಯದು. ಬಿಜೈಯ ನಿವಾಸಿಗೆ ಅದೇ ಮಾತು ಧಾರಾಳವಾಗಿ ಸಾಕು, ಏಕೆಂದರೆ ಮಾತಿನಲ್ಲಿ ಬಿಟ್ಟುಹೋದುದನ್ನೆಲ್ಲ ಅವನು ತನ್ನ ಪೂರ್ವಜ್ಞಾನದಿಂದ ತುಂಬಿಕೊಳ್ಳುತ್ತಾನೆ. ಹೊಸಬನ ಬಳಿ ತುಂಬಿಕೊಳ್ಳಲು ಏನೂ ಇಲ್ಲ.

ಇಂದು ಶಾಲೆಗಳಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಅಂದರೆ ರೂಢಿಯಲ್ಲಿ ಪ್ರೋಗ್ರಾಂ ಎಂದು ಕರೆಯುವುದನ್ನು, ಬರೆಯುವ ವಿದ್ಯೆಯು ಪಾಠಕ್ರಮದಲ್ಲಿ ಸೇರಿದೆ. ಈ ವಿದ್ಯೆಯ ಆರಂಭಕ್ಕೆ ಯಾವ ಗಣಕಭಾಷೆಯನ್ನು ಆರಿಸಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ಕೇಳಿಬರುವ ಉತ್ತರವು "ಎಲ್ಲಕ್ಕಿಂತ ಸರಳವಾದುದನ್ನು" ಎಂಬುದಾಗಿದೆ. ಈ ಉತ್ತರವನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಭಾಷೆಯೊಂದರಲ್ಲಿ ನಿಯಮಗಳು ಕಡಮೆ, ಬರೆಯಬೇಕಾದ ಅಕ್ಷರಗಳು ಕಡಮೆ, ಮೊದಲೇ ಘೋಷಿಸಬೇಕಾದ ಸಂಗತಿಗಳು ಕಡಮೆ ಎಂದಾದರೆ ಅದು ಸರಳ. ಬರೆದುದನ್ನು ಓದಿದ ಬಾಲಕನು ಏನನ್ನು ಗ್ರಹಿಸುತ್ತಾನೋ ಅದನ್ನೇ ಯಂತ್ರವು ನಡೆಸುವುದಾದರೆ ಅದು ಸ್ಪಷ್ಟ. ಮೊದಲನೆಯದು ಭಾಷೆಯ ಸ್ವರೂಪಕ್ಕೆ ಸಂಬಂಧಿಸಿದ ಗುಣ. ಎರಡನೆಯದು ಭಾಷೆ ಮತ್ತು ಕಲಿಯುವವನು ಇವರಿಬ್ಬರ ನಡುವಣ ಸಂಬಂಧದ ಗುಣ. ಎರಡೂ ಒಂದೆಡೆ ಕೂಡಿರುವುದುಂಟು, ಕೂಡದಿರುವುದೂ ಉಂಟು. ಕೂಡದಿರುವಲ್ಲಿ ಯಾವುದನ್ನು ಬಿಡಬೇಕೆಂಬುದೇ ಇಲ್ಲಿನ ವಿಚಾರ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಮಟ್ಟಿಗೆ ಇದು ಕೇವಲ ಪಂಡಿತರ ಚರ್ಚೆಯಲ್ಲ. ಬಿಜೈಯಂತಹ ಬಡಾವಣೆಯ ಮಗುವೊಂದು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ. ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತದೆ. ಆಂಗ್ಲಭಾಷೆಯನ್ನು ಒಂದು ವಿಷಯವಾಗಿ ಓದುತ್ತದೆ. ಗಣಕಭಾಷೆಯ ಪದಗಳೆಲ್ಲ ಆಂಗ್ಲದಿಂದ ಬಂದವು. ಹೀಗೆ ಅದು ಆ ಮಗುವಿಗೆ ನಾಲ್ಕನೆಯ ಭಾಷೆಯಾಗುತ್ತದೆ. ಆರಂಭದ ಮೂರು ತಿಂಗಳು ಅರ್ಥವಾಗದೆ ಕಳೆದರೆ ಭಾಷೆ ಅಸ್ಪಷ್ಟವಾಗಿದೆ ಎಂದು ಯಾವ ಮಗುವೂ ತರ್ಕಿಸುವುದಿಲ್ಲ. ತನ್ನ ಬುದ್ಧಿಯೇ ಮಂದವಾಗಿದೆಯೆಂದು ಅದು ನಿಶ್ಚಯಿಸಿಕೊಂಡುಬಿಡುತ್ತದೆ. ದಾನಿಗಳ ಔದಾರ್ಯದಿಂದ ಬಂದ ಯಂತ್ರಗಳು ಹೊದಿಕೆಯೊಳಗೆ ಉಳಿಯುವುದಕ್ಕೂ ಇದು ಒಂದು ಕಾರಣ.

ಲಾಘವ ಮತ್ತು ವೈಶದ್ಯಗಳ ಈ ತಿಕ್ಕಾಟವು ಶಬ್ದಶಾಸ್ತ್ರವನ್ನು ಬಲ್ಲವರಿಗೆ ಹೊಸತೇನಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿವೆ. ಹದಿನಾಲ್ಕು ಮಾಹೇಶ್ವರ ಸೂತ್ರಗಳನ್ನು ಆಧರಿಸಿ ಸ್ವರಗಳೆಲ್ಲಕ್ಕೂ "ಅಚ್" ಎಂಬ ಒಂದೇ ಸಂಜ್ಞೆ, ವ್ಯಂಜನಗಳೆಲ್ಲಕ್ಕೂ "ಹಲ್" ಎಂಬ ಒಂದೇ ಸಂಜ್ಞೆ. ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನ ಸೂತ್ರಗಳಲ್ಲಿ ಪುನಃ ಹೇಳದೆ ಅನುವೃತ್ತಿಯಿಂದ ತಂದುಕೊಳ್ಳಬೇಕು. ಭಾಷೆಯೊಂದರ ಸಮಗ್ರ ರಚನೆಯನ್ನು ಇಷ್ಟು ಅಲ್ಪ ಅಕ್ಷರಗಳಲ್ಲಿ ಹಿಡಿದಿಟ್ಟ ಗ್ರಂಥವು ಲೋಕದಲ್ಲಿ ವಿರಳ. ಗಣಕಭಾಷೆಗಳ ವ್ಯಾಕರಣವನ್ನು ಬರೆಯಲು ಅಮೆರಿಕದ ಜಾನ್ ಬ್ಯಾಕಸ್ ರೂಪಿಸಿದ ಸಂಕೇತಪದ್ಧತಿಗೂ ಪಾಣಿನಿಯ ಪದ್ಧತಿಗೂ ಇರುವ ಸಾದೃಶ್ಯವನ್ನು ಕಂಡು, ಅದನ್ನು "ಪಾಣಿನಿ-ಬ್ಯಾಕಸ್ ರೂಪ" ಎಂದು ಕರೆಯಬೇಕೆಂದು ಪೀಟರ್ ಇಂಗರ್‌ಮನ್ ಎಂಬವರು 1967ರಲ್ಲಿ ಗಣಕವಿಜ್ಞಾನದ ಪತ್ರಿಕೆಯೊಂದರಲ್ಲಿ ಸೂಚಿಸಿದ್ದರು.

ಇಷ್ಟಿದ್ದರೂ ಸೂತ್ರಪಾಠವೊಂದರಿಂದಲೇ ವ್ಯಾಕರಣವನ್ನು ಕಲಿತವರಿಲ್ಲ. ಸೂತ್ರಕ್ಕೆ ವೃತ್ತಿ ಬೇಕಾಯಿತು, ವೃತ್ತಿಗೆ ಉದಾಹರಣೆ ಬೇಕಾಯಿತು. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತನು ಸಿದ್ಧಾಂತಕೌಮುದಿಯಲ್ಲಿ ಸೂತ್ರಗಳ ಮೂಲಕ್ರಮವನ್ನೇ ಬಿಟ್ಟು, ಸಂಧಿಗೆ ಬೇಕಾದುದನ್ನು ಸಂಧಿಪ್ರಕರಣದಲ್ಲಿ, ಸಮಾಸಕ್ಕೆ ಬೇಕಾದುದನ್ನು ಸಮಾಸಪ್ರಕರಣದಲ್ಲಿ ಜೋಡಿಸಿದನು. ಹಾಗೆ ಮಾಡಿದಾಗ ಅನುವೃತ್ತಿಯ ಲಾಘವವು ಕೆಟ್ಟಿತು, ಗ್ರಂಥವು ಬೆಳೆಯಿತು; ಆದರೆ ಕಲಿಯುವವನಿಗೆ ದಾರಿ ಕಂಡಿತು. ಅವನ ಶಿಷ್ಯನಾದ ವರದರಾಜನು ಅದರಿಂದ ಸುಮಾರು 1,300 ಸೂತ್ರಗಳನ್ನು ಮಾತ್ರ ಆಯ್ದು ಲಘುಸಿದ್ಧಾಂತಕೌಮುದಿಯನ್ನು ರಚಿಸಿದನು. ಸಂಸ್ಕೃತ ಪಾಠಶಾಲೆಗಳಲ್ಲಿ ವ್ಯಾಕರಣದ ಬಾಲಪಾಠವು ಇಂದಿಗೂ ಬಹುಮಟ್ಟಿಗೆ ಈ ಪುಸ್ತಕದಿಂದಲೇ ಆರಂಭವಾಗುತ್ತದೆ. ಆಯ್ಕೆಯಿಂದ ವಿಷಯವು ಕಿರಿದಾಯಿತು ನಿಜ. ಆಯ್ದ ಪ್ರತಿಯೊಂದು ಸೂತ್ರಕ್ಕೂ ವಿವರಣೆ ಮಾತ್ರ ಕಿರಿದಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಕನ್ನಡದಲ್ಲಿಯೂ ಇದೇ ಪರಿ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳನ್ನು ಕನ್ನಡದ ಕಂದಪದ್ಯಗಳಲ್ಲಿ ರಚಿಸಿ, ತಾನೇ ಗದ್ಯವೃತ್ತಿಯನ್ನು ಬರೆದು, ಪೂರ್ವಕವಿಗಳಿಂದ ಪ್ರಯೋಗಗಳನ್ನು ಎತ್ತಿ ತೋರಿಸಿದನು. 1604ರಲ್ಲಿ ಭಟ್ಟಾಕಳಂಕನು ಕರ್ಣಾಟಕ ಶಬ್ದಾನುಶಾಸನವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಅಡಕವಾಗಿ ಹೇಳಿದನು. ಅವಕ್ಕೆ ವೃತ್ತಿಯನ್ನೂ, ವೃತ್ತಿಗೆ ವ್ಯಾಖ್ಯೆಯನ್ನೂ ತಾನೇ ಬರೆಯಬೇಕಾಯಿತು. ಅಚ್ಚುಕಟ್ಟುತನದಲ್ಲಿ ಎರಡನೆಯದು ಒಂದು ಕೈ ಮೇಲೆಯೇ. ಆದರೆ ಹಳಗನ್ನಡದ ವಿದ್ಯಾರ್ಥಿಯ ಕೈಯಲ್ಲಿ ಬಹುಕಾಲದಿಂದ ಇರುವುದು ಕೇಶಿರಾಜನ ಗ್ರಂಥ. ಕಿಟ್ಟೆಲರು ಅದನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದ್ದು ಇದೇ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಪದಗಳ ಸರಳತೆಯೂ ಅರ್ಥದ ಸ್ಪಷ್ಟತೆಯೂ ಬೇರೆ ಬೇರೆ ಎಂಬುದಕ್ಕೆ ಕನ್ನಡಿಗರಿಗೆ ಇನ್ನೂ ಹತ್ತಿರದ ಸಾಕ್ಷಿಯೆಂದರೆ ಅಲ್ಲಮಪ್ರಭುವಿನ ಬೆಡಗಿನ ವಚನಗಳು. ಅವುಗಳಲ್ಲಿ ಬರುವ ಮಾತುಗಳು ಮನೆಯಂಗಳದ ಮಾತುಗಳೇ. ಅರ್ಥಕ್ಕೆ ಟೀಕೆಗಳು ಬೇಕಾದವು. ಅಲ್ಲಿ ಆ ಗೂಢತೆ ಉದ್ದೇಶಪೂರ್ವಕವಾದುದು. ಪಾಠದಲ್ಲಿ ಅದಕ್ಕೆ ಸ್ಥಾನವಿಲ್ಲ.

ಇನ್ನು ಗಣಕಭಾಷೆಗಳ ಕಡೆಗೆ ತಿರುಗಬಹುದು. ವಿಜ್ಞಾನೇತರ ವಿದ್ಯಾರ್ಥಿಗಳೂ ಕಲಿಯುವಂತಾಗಲೆಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಗಣಿತಜ್ಞರು 1964ರಲ್ಲಿ ಬೇಸಿಕ್ ಎಂಬ ಭಾಷೆಯನ್ನು ರಚಿಸಿದರು. ಭಾರತದ ಆಯ್ದ ಶಾಲೆಗಳಲ್ಲಿ 1984ರಲ್ಲಿ ಗಣಕ ಸಾಕ್ಷರತೆಯ ಯೋಜನೆ ಆರಂಭವಾದಾಗ ಬ್ರಿಟನ್ನಿನಿಂದ ಬಂದ ಬಿಬಿಸಿ ಯಂತ್ರಗಳಲ್ಲಿ ಇದ್ದುದೂ ಬೇಸಿಕ್ ಭಾಷೆಯೇ. ಇದರಲ್ಲಿ ಎಕ್ಸ್ ಎಂಬ ಹೆಸರಿನ ಮೌಲ್ಯವನ್ನು ಒಂದರಷ್ಟು ಹೆಚ್ಚಿಸಲು ಮೂಲದಲ್ಲಿ "ಲೆಟ್ ಎಕ್ಸ್ = ಎಕ್ಸ್ + 1" ಎಂದು ಬರೆಯಬೇಕಿತ್ತು. "ಲೆಟ್" ಎಂದರೆ "ಆಗಲಿ". ಅನಂತರ ಬಂದ ಹಲವು ರೂಪಾಂತರಗಳಲ್ಲಿ ಸರಳತೆಗಾಗಿ ಆ ಪದವನ್ನು ಐಚ್ಛಿಕವಾಗಿ ಮಾಡಿದರು. ಬರೆಯುವವರೆಲ್ಲ ಅದನ್ನು ಕೈಬಿಟ್ಟರು. ಉಳಿದುದು "ಎಕ್ಸ್ = ಎಕ್ಸ್ + 1". ಗಣಿತದ ತರಗತಿಯಿಂದ ಎದ್ದು ಬಂದ ಬಾಲಕನಿಗೆ ಇದು ಅಸಂಬದ್ಧ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾದ ಸಂಖ್ಯೆಗೆ ಸಮನಾಗದು. ಗಣಿತದ ಸಮಚಿಹ್ನೆಯು "ಇದೆ" ಎನ್ನುತ್ತದೆ, ಗಣಕದ ಸಮಚಿಹ್ನೆಯು "ಆಗಲಿ" ಎನ್ನುತ್ತದೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಒಂದು ವರ್ತಮಾನಕಾಲದ ಕ್ರಿಯೆ, ಇನ್ನೊಂದು ವಿಧ್ಯರ್ಥಕ. ಆ ಭೇದವನ್ನು ತೋರುತ್ತಿದ್ದ ಮೂರಕ್ಷರದ ಆಂಗ್ಲ ಪದವೊಂದನ್ನು ತೆಗೆದುಹಾಕಿದಾಗ ಭಾಷೆ ಸರಳವಾಯಿತು, ಪಾಠ ಕಠಿಣವಾಯಿತು. ಸ್ವಿಟ್ಸರ್ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪಾಸ್ಕಲ್ ಭಾಷೆಯಲ್ಲಿ ಈ ಆದೇಶಕ್ಕೆ ":=" ಎಂಬ ಪ್ರತ್ಯೇಕ ಚಿಹ್ನೆಯಿದೆ. ಒಂದು ಚುಕ್ಕೆಜೋಡಿ ಹೆಚ್ಚು ಬರೆಯಬೇಕು. ಗೊಂದಲ ಅಷ್ಟರ ಮಟ್ಟಿಗೆ ಕಡಮೆ.

ಬೇಸಿಕ್‌ನ "ಗೋಟು" ಎಂಬ ಆಜ್ಞೆಯೂ ಅಂಥದೇ. ಇಂತಹ ಸಾಲಿಗೆ ಹೋಗು ಎಂಬುದಕ್ಕಿಂತ ಸರಳವಾದ ಆಜ್ಞೆಯಿಲ್ಲ. ಆದರೆ ಹತ್ತಾರು ಕಡೆಗಳಿಂದ ಹತ್ತಾರು ಕಡೆಗೆ ನೆಗೆಯುವ ಕ್ರಮವಿಧಿಯನ್ನು ಓದಿ ಅರ್ಥಮಾಡಿಕೊಳ್ಳುವುದು ದುಸ್ಸಾಧ್ಯವೆಂದು ಡಚ್ ವಿದ್ವಾಂಸ ಡೈಕ್‌ಸ್ಟ್ರ 1968ರಲ್ಲಿಯೇ ಪತ್ರಮುಖೇನ ಎಚ್ಚರಿಸಿದ್ದರು. ಬಿಬಿಸಿ ಯಂತ್ರಗಳ ಬೇಸಿಕ್‌ನಲ್ಲಿ ಪುನರಾವರ್ತನೆಗೂ ಉಪವಿಧಿಗಳಿಗೂ ಪ್ರತ್ಯೇಕ ರಚನೆಗಳಿದ್ದವು ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು.

ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿ ಬಹುಕಾಲ ಪಠ್ಯವಾಗಿದ್ದುದು ಸಿ++ ಎಂಬ ಭಾಷೆ. ಇದು ಸರಳವೂ ಅಲ್ಲ, ಬಾಲಕನಿಗೆ ಸ್ಪಷ್ಟವೂ ಅಲ್ಲ. ತೆರೆಯ ಮೇಲೆ "ನಮಸ್ಕಾರ" ಎಂಬ ಒಂದು ಪದ ಮೂಡಬೇಕಾದರೆ ಐದಾರು ಸಾಲುಗಳನ್ನು ಬರೆಯಬೇಕು. ಅವುಗಳಲ್ಲಿ ಒಂದನ್ನುಳಿದು ಮಿಕ್ಕೆಲ್ಲವನ್ನೂ "ಈಗ ಹೀಗೆ ಬರೆಯಿರಿ, ಅರ್ಥ ಮುಂದೆ ತಿಳಿಯುತ್ತದೆ" ಎಂದು ಉಪಾಧ್ಯಾಯರು ಹೇಳಬೇಕಾಗುತ್ತಿತ್ತು. ಕಂಠಪಾಠವನ್ನು ನಿಂದಿಸುವುದು ಇಲ್ಲಿನ ಉದ್ದೇಶವಲ್ಲ. ಅಮರಕೋಶವನ್ನೂ ಶಬ್ದರೂಪಗಳನ್ನೂ ಅರ್ಥವರಿಯುವ ಮೊದಲೇ ಬಾಯಿಪಾಠ ಮಾಡಿದ ಪರಂಪರೆಯೇ ಈ ನಾಡಿನ ವಿದ್ವಾಂಸರನ್ನು ಬೆಳೆಸಿತು. ಆದರೆ ಆ ಪರಂಪರೆಯಲ್ಲಿ ಪಾಠದ ಹಿಂದೆಯೇ ವ್ಯಾಖ್ಯಾನವು ಬರುತ್ತಿತ್ತು, ಅದನ್ನು ಹೇಳಲು ಗುರುವು ಹತ್ತು ವರ್ಷ ಜೊತೆಗಿರುತ್ತಿದ್ದನು. ವಾರಕ್ಕೆರಡು ಅವಧಿಯ ಗಣಕಪಾಠದಲ್ಲಿ ಆ "ಮುಂದೆ" ಎಂಬುದು ಹೆಚ್ಚಿನವರ ಪಾಲಿಗೆ ಬರಲೇ ಇಲ್ಲ.

ಈಗ ಸಿ++ ಸ್ಥಾನದಲ್ಲಿ ಎಲ್ಲೆಡೆ ಕೇಳಿಬರುತ್ತಿರುವ ಹೆಸರು ಪೈಥಾನ್. ನೆದರ್ಲೆಂಡಿನ ಗಿಡೋ ವಾನ್ ರಾಸಮ್ 1991ರಲ್ಲಿ ಮೊದಲು ಹೊರತಂದ ಈ ಭಾಷೆಯಲ್ಲಿ ನಮಸ್ಕಾರಕ್ಕೆ ಒಂದೇ ಸಾಲು ಸಾಕು. ಇದರ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಆದರೂ ಸರಳತೆಯ ಮೋಹವು ಎಲ್ಲಿ ಮುಗ್ಗರಿಸುತ್ತದೆಂಬುದನ್ನು ಪೈಥಾನಿನ ಮೊದಲ ವಾರದ ಪಾಠವೇ ತೋರಿಸುತ್ತದೆ. ಬಳಕೆದಾರನಿಂದ ಎರಡು ಸಂಖ್ಯೆಗಳನ್ನು ಕೇಳಿ ಪಡೆದು ಕೂಡಿಸುವ ಕ್ರಮವಿಧಿಯನ್ನು ಬಾಲಕನು ಬರೆಯುತ್ತಾನೆ. 5 ಎಂದು ಒತ್ತುತ್ತಾನೆ, 7 ಎಂದು ಒತ್ತುತ್ತಾನೆ. ಉತ್ತರ 12 ಬರಬೇಕು, ಬರುವುದು 57. ಕೀಲಿಮಣೆಯಿಂದ ಬಂದುದೆಲ್ಲವೂ ಪೈಥಾನಿಗೆ ಅಕ್ಷರಮಾಲೆ. ಅಕ್ಷರಗಳ ನಡುವೆ ಕೂಡು ಚಿಹ್ನೆ ಬಂದರೆ ಅದು ಅವನ್ನು ಪಕ್ಕಪಕ್ಕದಲ್ಲಿ ಇರಿಸುತ್ತದೆ. ಹೆಸರು ಸಂಖ್ಯೆಯನ್ನು ಹೇಳುತ್ತದೆಯೋ ಅಕ್ಷರವನ್ನು ಹೇಳುತ್ತದೆಯೋ ಎಂಬುದನ್ನು ಬರವಣಿಗೆಯಲ್ಲಿ ತೋರಿಸಬೇಕಾಗಿಲ್ಲ ಎಂಬುದೇ ಇದರ ಸರಳತೆ, ಅದೇ ಇದರ ಅಸ್ಪಷ್ಟತೆ. ಹಳೆಯ ಬೇಸಿಕ್‌ನಲ್ಲಿ ಅಕ್ಷರಮಾಲೆಯ ಹೆಸರಿನ ಕೊನೆಗೆ ಡಾಲರಿನ ಚಿಹ್ನೆಯನ್ನು ಹಚ್ಚಲೇಬೇಕಿತ್ತು. ನೋಡಲು ವಿಕಾರವಾಗಿದ್ದರೂ ಅದು ವಿಭಕ್ತಿಪ್ರತ್ಯಯದಂತೆ ಪದದ ಜಾತಿಯನ್ನು ಕಣ್ಣಿಗೆ ಕಾಣಿಸುತ್ತಿತ್ತು. ಪಾಸ್ಕಲ್‌ನಲ್ಲಿ ಪ್ರತಿಯೊಂದು ಹೆಸರಿನ ಜಾತಿಯನ್ನೂ ಮೊದಲೇ ಘೋಷಿಸಬೇಕಿತ್ತು. ಪೈಥಾನಿನಲ್ಲಿ ಪಾಠ ಹೇಳುವವರು ಈ 57ನ್ನು ಮುಚ್ಚಿಡದೆ, ಮೊದಲ ವಾರದಲ್ಲಿಯೇ ಬೇಕೆಂದು ಬರಿಸಿ ತೋರಿಸುವುದು ಉಚಿತ.

ವಿಭಕ್ತಿಯ ಮಾತು ಬಂದುದರಿಂದ ಅದನ್ನು ಇನ್ನಷ್ಟು ವಿಸ್ತರಿಸಬಹುದು, ಏಕೆಂದರೆ ಕನ್ನಡದ ಮಗುವಿಗೆ ಗಣಕಭಾಷೆಯು ಅಪರಿಚಿತವೆನಿಸಲು ಆಂಗ್ಲಪದಗಳಿಗಿಂತಲೂ ಆಳವಾದ ಕಾರಣ ಇಲ್ಲಿದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ತುಳು, ಕೊಂಕಣಿ, ಬ್ಯಾರಿಗಳಲ್ಲಿಯೂ ಹಾಗೆಯೇ. ಗಣಕಭಾಷೆಗಳಲ್ಲಿ ಬಹುಪಾಲು ಆಜ್ಞೆಯು ಮೊದಲು, ಆಜ್ಞೆಗೆ ಬೇಕಾದ ವಸ್ತುಗಳು ಅನಂತರ. ಇದಕ್ಕೆ ಅಪವಾದವಾಗಿ ಚಾರ್ಲ್ಸ್ ಮೂರ್ ಎಂಬವರು ರಚಿಸಿದ ಫೋರ್ತ್ ಎಂಬ ಭಾಷೆಯೊಂದುಂಟು. ಅದರಲ್ಲಿ "7 3 -" ಎಂದು ಬರೆದರೆ ಏಳು, ಮೂರು, ಕಳೆ ಎಂದರ್ಥ. ಆವರಣಚಿಹ್ನೆಗಳು ಬೇಡ, ಗುಣಾಕಾರ ಮೊದಲೋ ಸಂಕಲನ ಮೊದಲೋ ಎಂಬ ನಿಯಮ ಬೇಡ. ನಿಯಮಗಳ ಅಲ್ಪತೆಯಲ್ಲಿ ಇದನ್ನು ಮೀರಿಸುವ ಭಾಷೆಗಳು ಕಡಮೆ, ಪದಕ್ರಮವೂ ಕನ್ನಡದ್ದೇ. ಹಾಗಾದರೆ ಕನ್ನಡಿಗರಿಗೆ ಇದೇ ಸುಲಭವಾಗಬೇಕಿತ್ತಷ್ಟೆ? ಆಗುವುದಿಲ್ಲ. "ಏಳರಿಂದ ಮೂರನ್ನು ಕಳೆ" ಎಂಬುದಕ್ಕೂ "ಏಳನ್ನು ಮೂರರಿಂದ ಕಳೆ" ಎಂಬುದಕ್ಕೂ ಇರುವ ಅಂತರವನ್ನು ಕನ್ನಡವು ಪಂಚಮೀ ದ್ವಿತೀಯಾ ವಿಭಕ್ತಿಗಳಿಂದ ಹೇಳುತ್ತದೆ. "ಮೂರನ್ನು ಏಳರಿಂದ ಕಳೆ" ಎಂದು ಹಿಂದುಮುಂದಾಗಿಸಿದರೂ ಅರ್ಥಕ್ಕೆ ಚ್ಯುತಿಯಿಲ್ಲ. ಫೋರ್ತ್‌ನಲ್ಲಿ ಪ್ರತ್ಯಯಗಳೇ ಇಲ್ಲ, ಸ್ಥಾನವೊಂದೇ ಗತಿ. ಕನ್ನಡದಿಂದ ಪದಕ್ರಮವನ್ನು ಪಡೆದು ವಿಭಕ್ತಿಯನ್ನು ಕಿತ್ತುಕೊಂಡಂತೆ ಆಯಿತು.

ಇದು ಫೋರ್ತ್ ಒಂದರ ದೋಷವಲ್ಲ. ಸಾಲದ ಲೆಕ್ಕವೊಂದರಲ್ಲಿ "ವರ್ಗಾಯಿಸು (ರಾಮ, ಸೋಮ, 500)" ಎಂದು ಬರೆದಿದ್ದರೆ ಕೊಟ್ಟವನು ಯಾರು, ಪಡೆದವನು ಯಾರು? ಬರೆದವನು ಸ್ಥಾನನಿಯಮವನ್ನು ಬಲ್ಲನು, ಓದುವವನು ಅರಿಯನು. ರಾಮನಿಂದ ಸೋಮನಿಗೆ ಐನೂರು ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಕಾರಕಗಳನ್ನು ಶಬ್ದದ ಮೇಲೆಯೇ ಗುರುತಿಸುವ ಈ ಸೌಲಭ್ಯವನ್ನು ಗಣಕಭಾಷೆಗಳು ಎರಡು ಬಗೆಯಲ್ಲಿ ಪಡೆಯಲೆತ್ನಿಸಿವೆ. ವ್ಯಾಪಾರದ ಲೆಕ್ಕಪತ್ರಗಳಿಗಾಗಿ 1959ರಲ್ಲಿ ಅಮೆರಿಕದಲ್ಲಿ ಸಮಿತಿಯೊಂದು ರೂಪಿಸಲಾರಂಭಿಸಿದ ಕೋಬಾಲ್ ಭಾಷೆಯು "ಟು", "ಫ್ರಂ", "ಗಿವಿಂಗ್" ಎಂಬ ಆಂಗ್ಲ ಪದಗಳನ್ನು ವಿಭಕ್ತಿಗಳಂತೆ ಬಳಸಿತು. ಆಂಗ್ಲರಿಗೆ ಅದು ಸ್ಪಷ್ಟ. ಆಂಗ್ಲವನ್ನು ಅರೆಬರೆಯಾಗಿ ಬಲ್ಲವನಿಗೆ ಅದೇ ಹೊರೆ. ಪದಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸ್ಪಷ್ಟತೆ ಬಾರದೆಂಬುದಕ್ಕೆ ಇದು ನಿದರ್ಶನ. ಪೈಥಾನಿನಲ್ಲಿ ಬೇರೊಂದು ಉಪಾಯವಿದೆ: ಉಪವಿಧಿಗೆ ಕೊಡುವ ಪ್ರತಿಯೊಂದು ವಸ್ತುವನ್ನೂ ಅದರ ಹೆಸರಿನೊಡನೆ ಕೊಡಬಹುದು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಆ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲು ಸಾಧ್ಯವಾಗಿದೆ. ಆದುದರಿಂದ "ವರ್ಗಾಯಿಸು (ಕೊಡುವವ="ರಾಮ", ಪಡೆಯುವವ="ಸೋಮ", ಮೊತ್ತ=500)" ಎಂಬ ಸಾಲನ್ನು, ಆ ಹೆಸರಿನ ಉಪವಿಧಿಯನ್ನು ಮೊದಲೇ ರಚಿಸಿಕೊಂಡಿದ್ದರೆ, ಯಂತ್ರವು ಒಪ್ಪುತ್ತದೆ. ಮೂರು ಅಂಶಗಳನ್ನು ಯಾವ ಕ್ರಮದಲ್ಲಿಟ್ಟರೂ ಫಲ ಒಂದೇ. ಸಾಲು ಎರಡರಷ್ಟು ಉದ್ದವಾಯಿತೆಂದು ಗಣಕ ಪ್ರವೀಣರು ಹುಬ್ಬುಗಂಟಿಕ್ಕಬಹುದು. ಪ್ರವೀಣರಿಗಾಗಿ ಈ ಪಾಠವಲ್ಲ. ಕನ್ನಡ ಶಾಲೆಗಳಲ್ಲಿ ಈ ಸೌಕರ್ಯವನ್ನು ಬಳಸದೆ ಎ, ಬಿ, ಸಿ ಎಂಬ ಹೆಸರುಗಳಿಂದಲೇ ಪಾಠ ನಡೆಸುವುದಕ್ಕೆ ರೂಢಿಯನ್ನುಳಿದು ಬೇರೆ ಕಾರಣ ಕಾಣದು.

ಮಕ್ಕಳಿಗೆಂದೇ ರಚಿತವಾದ ಭಾಷೆಗಳಲ್ಲಿ ಅಗ್ರಗಣ್ಯವಾದುದು ಲೋಗೋ. ವಾಲಿ ಫ್ಯೂರ್‌ಝೈಗ್, ಸೈಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು 1967ರಲ್ಲಿ ಅಮೆರಿಕದಲ್ಲಿ ಇದನ್ನು ರೂಪಿಸಿದರು. ತೆರೆಯ ಮೇಲೆ ಆಮೆಯೆಂದು ಕರೆಯುವ ಒಂದು ಗುರುತು. ಅದು ನಡೆದಲ್ಲೆಲ್ಲ ಗೆರೆ. ಕನ್ನಡದಲ್ಲಿ ಮಕ್ಕಳಿಗಾಗಿ ಇದರ ರೂಪಾಂತರವನ್ನು ಡಾ. ಯು. ಬಿ. ಪವನಜರು ಸಿದ್ಧಪಡಿಸಿದರು. ಕನ್ನಡದ ಆಜ್ಞೆಗಳಿಂದಲೇ ಆಮೆಯನ್ನು ನಡೆಸಬಹುದಾದ ಈ ತಂತ್ರಾಂಶಕ್ಕೆ 2006ರ ಮಂಥನ್ ಪ್ರಶಸ್ತಿ ದೊರೆಯಿತು. ಈ ಲೇಖನದ ಆರಂಭದಲ್ಲಿ ಹೇಳಿದ "ಮುಂದೆ" ಎಂಬ ಪದದ ಸಂದಿಗ್ಧತೆಯನ್ನು ಲೋಗೋ ಪರಿಹರಿಸಿದ ಬಗೆ ಮನನೀಯ. ಆಮೆಗೆ ಒಂದು ಮುಖವಿದೆ, ಅದು ಯಾವಾಗಲೂ ತೆರೆಯ ಮೇಲೆ ಕಾಣುತ್ತದೆ. "ಮುಂದೆ 100" ಎಂದರೆ ಆ ಮುಖದ ದಿಕ್ಕಿಗೆ ನೂರು ಹೆಜ್ಜೆ. ಸಂಶಯ ಬಂದ ಮಗು ಎದ್ದು ನಿಂತು ತಾನೇ ಆಮೆಯಾಗಿ ತರಗತಿಯಲ್ಲಿ ನಡೆದು ನೋಡಬಹುದು. ಓರೆಯಾಗಿ ನಿಂತ ಚೌಕವನ್ನು ರೇಖಾಗಣಿತದ ನಿರ್ದೇಶಾಂಕಗಳಿಂದ ಬರೆಯಲು ತ್ರಿಕೋನಮಿತಿ ಬೇಕು. ಆಮೆಗೆ ನೂರು ಹೆಜ್ಜೆ ಮತ್ತು ತೊಂಬತ್ತು ಅಂಶದ ತಿರುವು, ನಾಲ್ಕು ಬಾರಿ.

ಇಂತಹ ಲೋಗೋದಲ್ಲಿಯೂ ಅನುವಾದಕನು ಎಚ್ಚರವಾಗಿರಬೇಕಾದ ಸ್ಥಳವಿದೆ. ಆಂಗ್ಲದ "ರೈಟ್ 90" ಎಂಬುದನ್ನು "ಬಲಕ್ಕೆ 90" ಎಂದು ಭಾಷಾಂತರಿಸಿದರೆ ಬಲಗಡೆಗೆ ತೊಂಬತ್ತು ಹೆಜ್ಜೆ ಎಂದು ಮಗು ತಿಳಿಯುವುದು ಸಹಜ. ಆಂಗ್ಲ ಮಕ್ಕಳಲ್ಲಿಯೂ ಈ ಭ್ರಾಂತಿ ಸಾಮಾನ್ಯವೆಂದು ಆ ಪಾಠ ಹೇಳುವವರು ಬಲ್ಲರು. "ಬಲಕ್ಕೆ ತಿರುಗು 90" ಎಂದರೆ ಒಂದು ಪದ ಹೆಚ್ಚಾಯಿತು, ಭ್ರಾಂತಿ ಹೋಯಿತು. ಅದೇ ರೀತಿ ಸಮಬಾಹು ತ್ರಿಭುಜವನ್ನು ಬರೆಯಹೊರಟ ಮಗು 60 ಅಂಶ ತಿರುಗಿಸಿ ಷಡ್ಭುಜದ ಕಡೆಗೆ ಹೋಗುತ್ತದೆ; ತಿರುಗಬೇಕಾದುದು ಬಹಿಃಕೋನವಾದ 120. ಇದು ಮಾತ್ರ ಭಾಷೆಯ ದೋಷವಲ್ಲ, ಗಣಿತದ ಪಾಠ. ಯಾವ ತಪ್ಪು ಭಾಷೆಯದು, ಯಾವುದು ವಿಷಯದ್ದು ಎಂಬುದನ್ನು ಬೇರ್ಪಡಿಸಿ ತೋರಿಸುವ ಭಾಷೆಯೇ ಬಾಲಬೋಧೆಗೆ ತಕ್ಕುದು.

ಪ್ರಸಂಗವಶಾತ್, ಮಂಗಳೂರಿನ ನೆರೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆಯನ್ನೂ ಇಲ್ಲಿ ನೆನೆಯಬೇಕು. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ಆಕಾರದ ತುಂಡುಗಳಿಂದ ಜೋಡಿಸಬೇಕಿತ್ತು. ರಾವ್ ಅವರ ವಿನ್ಯಾಸದಲ್ಲಿ ಬೆರಳು ಒತ್ತುವುದು ಧ್ವನಿಯನ್ನು: ವ್ಯಂಜನ, ಅನಂತರ ಸ್ವರ, ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿ. ಕಾಗುಣಿತವನ್ನು ಕಲಿತ ಮಗುವಿಗೆ ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ. ಸರಳತೆಯೂ ಸ್ಪಷ್ಟತೆಯೂ ಒಂದೆಡೆ ಕೂಡಿದ ಅಪೂರ್ವ ದೃಷ್ಟಾಂತವಿದು. ಕೂಡಲು ಕಾರಣ, ವಿನ್ಯಾಸವು ಕಲಿಯುವವನು ಮೊದಲೇ ಬಲ್ಲ ವ್ಯಾಕರಣದ ಮೇಲೆ ನಿಂತಿರುವುದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟುದು ಅರ್ಥಪೂರ್ಣ.

ಭಾಷೆಯ ಪದಗಳು ಆರಂಭಿಕರಿಗೆ ಎಷ್ಟರ ಮಟ್ಟಿಗೆ ನೆರವಾಗುತ್ತವೆಂಬುದನ್ನು ಪ್ರಯೋಗಮುಖದಿಂದ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಹ್ನೆಗಳನ್ನು ಯದೃಚ್ಛೆಯಿಂದ ಆರಿಸಿ ಕಟ್ಟಿದ ಕೃತಕ ಭಾಷೆಯೊಂದನ್ನು ಬಳಸಿದ ಆರಂಭಿಕರಿಗಿಂತ, ಪರ್ಲ್ ಎಂಬ ಪ್ರಸಿದ್ಧ ಭಾಷೆಯನ್ನು ಬಳಸಿದವರು ಗಣನೀಯವಾಗಿ ಮೇಲಾಗಿ ಬರೆಯಲಿಲ್ಲವೆಂದು ಕಂಡುಬಂದಿತು. 2013ರ ಅವರ ಇನ್ನೊಂದು ಅಧ್ಯಯನದಲ್ಲಿ, ಪುನರಾವರ್ತನೆಗೆ ಬಹುಪಾಲು ಭಾಷೆಗಳಲ್ಲಿರುವ "ಫಾರ್" ಎಂಬ ಪದಕ್ಕಿಂತ "ರಿಪೀಟ್" ಎಂಬುದೇ ಆರಂಭಿಕರಿಗೆ ಸಹಜವೆನಿಸಿತು. ಆಂಗ್ಲವನ್ನು ಆಡುವವರಲ್ಲಿಯೇ ಹೀಗಾದರೆ, "ಫಾರ್" ಎಂದರೆ "ಓಸ್ಕರ" ಎಂದು ಆಂಗ್ಲಪಾಠದಲ್ಲಿ ಕಲಿತ ಕನ್ನಡದ ಮಗುವಿನ ಅವಸ್ಥೆಯನ್ನು ಊಹಿಸಬಹುದು.

ವರದರಾಜನ ಮಾರ್ಗವನ್ನೇ ಗಣಕಶಾಸ್ತ್ರಜ್ಞರೂ ಕಂಡುಕೊಂಡಿದ್ದಾರೆ ಎಂಬುದು ಸಂತೋಷದ ಸಂಗತಿ. ಸ್ಕೀಮ್ ಭಾಷೆಯ ಆಧಾರದ ಮೇಲೆ ಮ್ಯಾಥಿಯಾಸ್ ಫೆಲ್ಲೈಸನ್ ಮೊದಲಾದವರು ಸೋಪಾನಕ್ರಮದ ಬಾಲಭಾಷೆಗಳನ್ನು ರಚಿಸಿ, 2001ರಲ್ಲಿ ಅದಕ್ಕೆ ಪಠ್ಯಪುಸ್ತಕವನ್ನೂ ಪ್ರಕಟಿಸಿದರು. ಮೊದಲ ಮೆಟ್ಟಿಲಿನಲ್ಲಿರುವವನಿಗೆ ಮೇಲಿನ ಮೆಟ್ಟಿಲಿನ ಸಂಗತಿಗಳು ಕಾಣುವುದೇ ಇಲ್ಲ. ತಪ್ಪಾದಾಗ ಯಂತ್ರವು ಹೇಳುವ ಮಾತೂ ಆ ಮೆಟ್ಟಿಲಿಗೆ ತಕ್ಕ ಮಾತೇ. ನೆದರ್ಲೆಂಡಿನ ಫೆಲಿಯನ್ ಹರ್ಮನ್ಸ್ 2020ರಲ್ಲಿ ಪ್ರಕಟಪಡಿಸಿದ ಹೆಡಿ ಎಂಬ ಭಾಷೆಯು ಇನ್ನೂ ಮುಂದೆ ಹೋಗಿ, ಉದ್ಧರಣಚಿಹ್ನೆಯಂತಹ ಸಣ್ಣ ನಿಯಮವನ್ನು ಕೂಡ ಮೊದಲ ಮೆಟ್ಟಿಲುಗಳಲ್ಲಿ ಬಿಟ್ಟು, ಅದರ ಅಗತ್ಯವು ಮನವರಿಕೆಯಾದ ಮೇಲೆಯೇ ತರುತ್ತದೆ; ಆಂಗ್ಲವಲ್ಲದ ಹಲವು ಭಾಷೆಗಳ ಪದಗಳಲ್ಲಿಯೂ ಅದರಲ್ಲಿ ಆಜ್ಞೆಗಳನ್ನು ಬರೆಯಬಹುದು. ಮೆಟ್ಟಿಲುಗಳನ್ನು ಹತ್ತಿದ ಮೇಲೆ ಮಗು ಪೈಥಾನನ್ನು ತಲಪುತ್ತದೆ.

ಉಳಿದಿರುವುದು ತಪ್ಪಿನ ಸಂದೇಶಗಳ ಪ್ರಶ್ನೆ. ಆರಂಭಿಕನು ಯಂತ್ರದಿಂದ ಕೇಳುವ ಮಾತುಗಳಲ್ಲಿ ಹೆಚ್ಚಿನವು ಇವೇ. ಭಾಷೆ ಯಾವುದಾದರೂ ಇವು ಬಹುತೇಕ ಆಂಗ್ಲದಲ್ಲಿಯೇ ಬರುತ್ತವೆ. ಪೈಥಾನಿನ ಮೊದಲ ವರ್ಷದಲ್ಲಿ ಪದೇ ಪದೇ ಎದುರಾಗುವ ದೋಷಗಳು ನಾಲ್ಕು. ಅವುಗಳಿಗೆ ಶಬ್ದಬೋಧದ ಹಳೆಯ ಪರಿಭಾಷೆಯಲ್ಲಿಯೇ ಹೆಸರುಗಳಿವೆ. ತೆರೆದ ಆವರಣವನ್ನು ಮುಚ್ಚದೆ ಬಿಟ್ಟಾಗ ಬರುವ ಸಿಂಟ್ಯಾಕ್ಸ್ ಎರರ್ ಎಂಬುದು ಆಕಾಂಕ್ಷೆ ಪೂರೈಸದ ವಾಕ್ಯ: "ಬಾಗಿಲನ್ನು" ಎಂದು ಹೇಳಿ ಸುಮ್ಮನಾದಂತೆ. ಅಕ್ಷರಮಾಲೆಗೆ ಸಂಖ್ಯೆಯನ್ನು ಕೂಡಿಸಹೊರಟಾಗ ಬರುವ ಟೈಪ್ ಎರರ್ ಎಂಬುದು ಯೋಗ್ಯತೆಯ ಅಭಾವ: ಬೆಂಕಿಯಿಂದ ಗಿಡವನ್ನು ತೋಯಿಸು ಎಂದಂತೆ. ಒಟ್ಟಿಗಿರಬೇಕಾದ ಸಾಲುಗಳು ಸಮನಾಗಿ ಒಳಸರಿಯದಿದ್ದಾಗ ಬರುವ ಇಂಡೆಂಟೇಶನ್ ಎರರ್‌ನಲ್ಲಿ ಸನ್ನಿಧಿಯ ಲೋಪ. ಎಲ್ಲಿಯೂ ಪರಿಚಯಿಸದ ಹೆಸರನ್ನು ಬಳಸಿದಾಗಿನ ನೇಮ್ ಎರರ್ ಎಂದರೆ ಸಂಕೇತಗ್ರಹವಿಲ್ಲದ ಶಬ್ದ. ಈ ನಾಲ್ಕನ್ನು ಕನ್ನಡದ ಅರ್ಥದೊಡನೆ, ಒಂದೊಂದಕ್ಕೆ ಒಂದೊಂದು ಉದಾಹರಣೆಯೊಡನೆ ದೊಡ್ಡ ಅಕ್ಷರಗಳಲ್ಲಿ ಬರೆದು ಗಣಕ ಕೊಠಡಿಯ ಗೋಡೆಗೆ ತೂಗುಹಾಕಲು ಉಪಾಧ್ಯಾಯರಿಗೆ ಒಂದು ಮಧ್ಯಾಹ್ನ ಸಾಕು. ಅದನ್ನು ಪಾಠದ ಮೊದಲ ದಿನಕ್ಕೆ ಮುಂಚೆಯೇ ಮಾಡಿರಬೇಕು; ಮೊದಲ ತಪ್ಪು ಮೊದಲ ದಿನವೇ ಬರುತ್ತದೆ.